ಪಟದ ಮುಂದಿನ ಎರಡನೇ ಎಲೆ

ಪುಟ್ಟೀ, ಚಿನ್ನೂ,

ಮೊನ್ನೆ ಭಾನುವಾರ ನಿಮ್ಮಪ್ಪ ಸುತ್ತಿಗೆ ಹಿಡಿದು ಹಾಲ್‌ನಲ್ಲಿ ನಿಂತು, "ಅಮ್ಮ, ಯಾವ ಪಟ ತೆಗೀಲಿ, ಯಾವ್ದು ಹಾಕ್ಲಿ, ಹೇಳ್ಬಿಡು" ಎಂದಾಗ ನಾನು ಎದ್ದು ಅಡುಗೆಮನೆಗೆ ಹೋದೆ. ನಿಮಗೆಲ್ಲ ಅದು ಸರಿ ಕಾಣಲಿಲ್ಲ ಎಂದು ಗೊತ್ತು. ನಾಲ್ಕು ಜನರ ಎದುರು ಮಾತಾಡು ಎಂದರೆ ನನಗೆ ಆಗುವುದಿಲ್ಲ. ಊರ ಶಾಲೆಯಲ್ಲಿ ಮೇಷ್ಟ್ರು ಎದ್ದು ನಿಂತು ಉತ್ತರ ಹೇಳು ಎಂದರೆ, "ಸ್ಲೇಟಲ್ಲಿ ಬರ್ದು ತೋರಿಸ್ಲಾ ಸಾ" ಎನ್ನುತ್ತಿದ್ದೆ. ಈಗಲೂ ಹಾಗೇ ಮಾಡುತ್ತಿದ್ದೇನೆ. ಮಹಾಲಯ ಅಮಾವಾಸ್ಯೆಗೆ ಇನ್ನೂ ಸ್ವಲ್ಪ ದಿನವಿದೆ. ಪಟ ತೆಗೆಯುವ ಮೊದಲು ಇದನ್ನು ಓದಿ, ನಿಮ್ಮಪ್ಪನಿಗೂ ಓದಿ ಹೇಳಿ.

ನಮ್ಮ ಗೋಡೆಯ ಮೇಲೆ ಮೂರು ಪಟಗಳಿವೆ. ಬಲಗಡೆಯದು ನಿಮ್ಮ ತಾತ. ನಡುವಿನದು ನಿಮ್ಮ ಮುತ್ತಜ್ಜಿ, ಅಂದರೆ ನನ್ನ ಅತ್ತೆ. ಎಡಗಡೆಯದು, ಟೋಪಿ, ಹಸಿರು ಕೋಟು, ಎದೆಯ ಮೇಲೆ ಪದಕ, ಕೆನ್ನೆಗೆ ಗುಲಾಬಿ ಬಣ್ಣ ಇರುವುದು, ನೀವು ಹುಟ್ಟಿದಾಗಿನಿಂದ "ಮಿಲಿಟರಿ ತಾತ" ಎಂದು ಕೈ ಮುಗಿದದ್ದು. ಮೇಲಿನ ಮನೆಯ ಬಾಡಿಗೆಯವರು, ಆ ರಾಯಚೂರು ಕಡೆಯವರ ಮಗು ಕೂಡ ಮೆಟ್ಟಿಲು ಹತ್ತುವಾಗ ಕಿಟಕಿಯಿಂದ ಅದಕ್ಕೊಂದು ಸಲ್ಯೂಟ್ ಹೊಡೆದೇ ಹೋಗುತ್ತದೆ. ನಿಮ್ಮಪ್ಪ ತೆಗೆಯಬೇಕು ಎನ್ನುತ್ತಿರುವುದು ಆ ಪಟವನ್ನು.

ಮೊದಲು ಬಲಗಡೆಯ ಪಟದಿಂದ ಶುರು ಮಾಡುತ್ತೇನೆ. ನಿಮ್ಮ ತಾತನಿಗೆ ಕ್ಯಾಮೆರಾ ಕಂಡರೆ ತಲೆ ಎಡಕ್ಕೆ ವಾಲುತ್ತಿತ್ತು. ಪಕ್ಕದಲ್ಲಿ ಯಾರೋ ಗುಟ್ಟು ಹೇಳುತ್ತಿದ್ದಾರೆ, ಇವರು ಕಿವಿ ಕೊಟ್ಟಿದ್ದಾರೆ ಎನ್ನುವ ಹಾಗೆ. ಕೆಳತುಟಿಯನ್ನು ಸ್ವಲ್ಪ ಒಳಗೆಳೆದುಕೊಳ್ಳುತ್ತಿದ್ದರು. ನಮ್ಮ ಮದುವೆಯ ಫೋಟೋದಲ್ಲೂ ಹಾಗೇ, ವಿಮಾನದ ಕಾರ್ಖಾನೆಯ ಗೇಟ್ ಪಾಸಿನಲ್ಲೂ ಹಾಗೇ. ಅವರು ಹೋದ ಮೇಲೆ ಗೇಟ್ ಪಾಸಿನ ಫೋಟೋವನ್ನೇ ದೊಡ್ಡದು ಮಾಡಿಸಲು ನಿಮ್ಮಪ್ಪ ನನ್ನನ್ನು ಇಂದಿರಾನಗರದ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನು ಕಂಪ್ಯೂಟರಿನಲ್ಲಿ ಏನೇನೋ ಎಳೆದು, ಸಂತೋಷದಿಂದ ತೋರಿಸಿದ.

"ನೋಡಿ ಆಂಟಿ, ಅಂಕಲ್ ತಲೆ ಸೊಟ್ಟ ಇತ್ತು, ನೆಟ್ಟಗೆ ಮಾಡಿದೀನಿ."

ಪರದೆಯ ಮೇಲೆ ಯಾರೋ ಒಬ್ಬರು ನೆಟ್ಟಗೆ ಕೂತು ನನ್ನನ್ನು ನೋಡುತ್ತಿದ್ದರು. ನನಗೆ ಗುರುತೇ ಸಿಗಲಿಲ್ಲ.

"ಬೇಡಪ್ಪ. ಇದ್ದಂಗೇ ಮಾಡ್ಬಿಡು" ಎಂದೆ.

"ಚೆನ್ನಾಗ್ ಕಾಣ್ತಾರೆ ಆಂಟಿ ಹಿಂಗೆ."

"ಚೆನ್ನಾಗ್ ಕಾಣೋದು ಬೇಡ. ಅವ್ರಂಗೆ ಕಾಣ್ಲಿ."

ಅಂಗಡಿಯಲ್ಲಿ ನಾನು ಅಷ್ಟು ಜೋರಾಗಿ ಮಾತಾಡಿದ್ದನ್ನು ಕೇಳಿ ನಿಮ್ಮಪ್ಪ ನನ್ನನ್ನೇ ನೋಡಿದ. ಚಿನ್ನು, ನಿನ್ನ ಶಾಲೆಯ ಗ್ರೂಪ್ ಫೋಟೋ ತಂದು ನೋಡಿಕೋ. ನಿನ್ನ ತಲೆಯೂ ಎಡಕ್ಕೇ ಇದೆ. ನಿಮ್ಮಮ್ಮ "ಸರಿಯಾಗಿ ನಿಲ್ಲಕ್ಕೂ ಬರಲ್ವಾ ನಿನಗೆ" ಎಂದು ಬೈದಾಗ ನಾನು ಒಳಗೊಳಗೇ ನಕ್ಕಿದ್ದೆ.

ಇನ್ನು ಎಡಗಡೆಯ ಪಟ.

ನನ್ನ ಮಾವನವರನ್ನು, ಅಂದರೆ ನಿಮ್ಮ ತಾತನ ಅಪ್ಪನನ್ನು, ನಾನು ನೋಡಿಲ್ಲ. ನೋಡಿದವರು ಈಗ ಯಾರೂ ಇಲ್ಲ. ಎರಡನೇ ಮಹಾಯುದ್ಧದ ಕಾಲ. ಆಗ ನಮ್ಮೂರು ಊರೇ ಆಗಿತ್ತು. ಸುತ್ತ ರಾಗಿ, ಹುರುಳಿ, ಸೊಪ್ಪಿನ ಮಡಿಗಳು. ಹಲಸೂರು ಕೆರೆಯ ಕಡೆ ಪಟಾಲಂಗೆ ಆಳು ಸೇರಿಸಿಕೊಳ್ಳುತ್ತಾರೆ ಎಂಬ ಸುದ್ದಿ ಬಂತು. ಆಗ ನಮ್ಮ ಕಡೆ ಸೈನ್ಯದ ತುಕಡಿಗೆ ಪಟಾಲಂ ಎಂದೇ ಹೇಳುತ್ತಿದ್ದರು. ಮಾವ ಹುರುಳಿ ಒಕ್ಕಣೆ ಮುಗಿಸಿ, ಅದೇ ವಾರ ನಡೆದುಕೊಂಡು ಹೋಗಿ ಸೇರಿದರಂತೆ. ಅತ್ತೆಗೆ ಆಗ ಹದಿನೇಳೋ ಹದಿನೆಂಟೋ. ನಿಮ್ಮ ತಾತ ಅಂಬೆಗಾಲಿಡುವ ಕೂಸು.

ಆ ಕಾಲದ ಸಂಸಾರ ನಿಮಗೆ ಅರ್ಥವಾಗುವುದು ಕಷ್ಟ. ಹಿರಿಯರ ಎದುರು ಗಂಡನ ಜೊತೆ ಮಾತಾಡುವ ಹಾಗಿಲ್ಲ. ಗಂಡ ಒಳಗೆ ಬಂದರೆ ಹೆಂಡತಿ ಬಾಗಿಲ ಮರೆಗೆ ಸರಿಯಬೇಕು. ಅವರ ಹೆಸರು ಬಾಯಲ್ಲಿ ಬರಬಾರದು. ಯುದ್ಧ ಬಂದ ಮೇಲೆ ಸೀಮೆಎಣ್ಣೆಯೂ ಸಿಗದೆ ಬುಡ್ಡಿಯನ್ನು ಬೇಗ ಆರಿಸಿಬಿಡುತ್ತಿದ್ದರು. ಅತ್ತೆ ಒಮ್ಮೆ ನನಗೆ ಹೇಳಿದ್ದರು, "ಅವ್ರ ದನಿ ಕೇಳಿದ್ದೇ ಜಾಸ್ತಿ ಕಣೇ, ಮುಖ ನೋಡಿದ್ದು ಕಮ್ಮಿ."

ಮಾವ ಬರ್ಮಾ ಕಡೆ ಹೊರಡುವ ಮೊದಲು ಅವರ ತುಕಡಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ಫೋಟೋ ತೆಗೆದಿದ್ದರು. ರಜೆಯ ಮೇಲೆ ಬಂದ ಪಕ್ಕದೂರಿನ ಜವಾನರೊಬ್ಬರು ಅದನ್ನು ತಂದುಕೊಟ್ಟರು. ನಾಲ್ಕು ಸಾಲು ಜನ. ನಡುವೆ ಕುರ್ಚಿಯ ಮೇಲೆ ದೊರೆಗಳು. ಅವರ ಕಾಲ ಹತ್ತಿರ ಒಂದು ನಾಯಿ. ಫೋಟೋ ತೆಗೆಯುವಾಗ ನಾಯಿ ತಲೆ ಅಲ್ಲಾಡಿಸಿ, ಅದಕ್ಕೆ ಎರಡು ತಲೆ ಬಂದಿತ್ತು. ಊರಿನವರೆಲ್ಲ ಮೊದಲು ನಾಯಿ ನೋಡಿ ನಕ್ಕರಂತೆ. ಮುಖಗಳು ಹುರುಳಿಕಾಳಿನಷ್ಟು. ಎಲ್ಲರಿಗೂ ಒಂದೇ ಟೋಪಿ, ಒಂದೇ ಬಟ್ಟೆ. ಫೋಟೋ ತಂದವರು ಹಿಂದಿನ ಸಾಲಿನಲ್ಲಿ ಬೆರಳಿಟ್ಟು, "ಇಗಾ, ಇವ್ನೇ ನಿಮ್ಮೋನು" ಎಂದು ತೋರಿಸಿದರಂತೆ. ಅತ್ತೆ ಅದನ್ನು ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಸುತ್ತಿ ತಮ್ಮ ತಗಡಿನ ಟ್ರಂಕಿನಲ್ಲಿ ಇಟ್ಟುಕೊಂಡರು.

ಮಾವ ತಿರುಗಿ ಬರಲಿಲ್ಲ. ಸುದ್ದಿ ಮಾತ್ರ ಬಂತು. ಆಗ ಅತ್ತೆ ವಿಮಾನದ ಕಾರ್ಖಾನೆಯ ಹತ್ತಿರ ರನ್‌ವೇ ಅಗಲ ಮಾಡುವ ಕಡೆ ಮಣ್ಣು ಹೊರುತ್ತಿದ್ದರು. ಸುದ್ದಿ ಕೇಳಿದ ದಿನ ಮಂಕರಿ ಇಳಿಸಿ ಮನೆಗೆ ಬಂದವರು, ಕರ್ಮಗಳೆಲ್ಲ ಮುಗಿದ ಮೇಲೆ ಮತ್ತೆ ಅದೇ ಮಂಕರಿ ಎತ್ತಿಕೊಂಡು ಹೋದರು.

ನಾನು ಸೊಸೆಯಾಗಿ ಬಂದಾಗ ಅತ್ತೆಗೆ ನಲವತ್ತರ ಹತ್ತಿರ. ಮಾತು ಕಡಿಮೆ, ಕೆಲಸ ಜಾಸ್ತಿ. ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಮೊದಲು ಒಳಕೋಣೆಯ ಟ್ರಂಕಿನ ಹತ್ತಿರ ಹೋಗುತ್ತಿದ್ದರು. ಮುಚ್ಚಳ ತೆಗೆದ ಸದ್ದು, ಸ್ವಲ್ಪ ಹೊತ್ತಿನ ಮೇಲೆ ಮುಚ್ಚಿದ ಸದ್ದು. ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾ ಹೊರಗೆ ಬರುತ್ತಿದ್ದರು. ನಾನು ಒಳಗೆ ಯಾವುದೋ ದೇವರಿದೆ ಎಂದುಕೊಂಡಿದ್ದೆ. ಹೊಸ ಸೊಸೆ, ಕೇಳುವ ಧೈರ್ಯವಿರಲಿಲ್ಲ.

ನಿಮ್ಮ ತಾತನಿಗೆ ಕಾರ್ಖಾನೆಯ ಕೆಲಸ ಸಿಕ್ಕ ಮೇಲೆ ಒಂದೇ ಹಟ. "ಅಪ್ಪನ ಪಟ ಒಂದು ಗೋಡೆ ಮೇಲಿರಬೇಕಮ್ಮ. ಜೊತೆಗಾರರ ಮನೇಲೆಲ್ಲ ಅವರವರ ಅಪ್ಪಂದಿರ ಪಟ ಐತೆ. ನಾನು ಅಮಾವಾಸ್ಯೆ ದಿನ ಬರೀ ಗೋಡೆಗೆ ಅಡ್ಡ ಬೀಳ್ತೀನಿ."

ಅತ್ತೆ, "ಆಗ್ಲಿ ಮಗ, ನೋಡಾಣ" ಎಂದು ಮುಂದೆ ಹಾಕುತ್ತಿದ್ದರು. ನಮ್ಮ ಮದುವೆಯಾದ ಮೇಲೆ ನಿಮ್ಮ ತಾತ, "ಆ ಚಿಕ್ಕ ಪಟ ಕೊಡಮ್ಮ, ನಾನೇ ಶಿವಾಜಿನಗರಕ್ಕೆ ಹೋಗಿ ದೊಡ್ಡದು ಮಾಡಿಸ್ಕೊಂಡು ಬತ್ತೀನಿ" ಎಂದು ಕೂತುಬಿಟ್ಟರು.

"ನೀನ್ ಬೇಡ. ಹಳೇ ಕಾಗ್ದ, ಗಂಡಸ್ರ ಕೈಗೆ ಪುಡಿಯಾಗ್ತದೆ. ನಾನೇ ಹೋಗ್ತೀನಿ. ನಿನ್ನ ಹೆಂಡ್ತೀನ ಜೊತೆಗೆ ಕಳ್ಸು."

ಹಾಗೆ ನಾನು ಮೊದಲ ಸಲ ಶಿವಾಜಿನಗರ ನೋಡಿದ್ದು. ಬಸ್ಸಿಳಿದು ರಸೆಲ್ ಮಾರ್ಕೆಟ್ಟಿನ ಪಕ್ಕ ಹಾದು ಒಂದು ಗಲ್ಲಿಗೆ ಹೋದೆವು. ಎಲ್ಲಿ ನೋಡಿದರೂ ಜನ, ಗುಲಾಬಿ ಹೂವಿನ ಬುಟ್ಟಿ, ಕೊಕ್ಕೆಗೆ ನೇತುಹಾಕಿದ ಮಾಂಸ, ತಮಿಳು, ಸಾಬರ ಮಾತು. ನಾನು ಅತ್ತೆಯ ಸೆರಗು ಹಿಡಿದುಕೊಂಡೇ ನಡೆದೆ. ಸ್ಟುಡಿಯೋ ಮಹಡಿಯ ಮೇಲಿತ್ತು. ನಡೆಸುತ್ತಿದ್ದವರು ಬಿಳಿ ಗಡ್ಡದ ಸಾಬರು. ಗೋಡೆಯ ತುಂಬ ಸಿಪಾಯಿಗಳ ಪಟಗಳು. ಯುದ್ಧದಲ್ಲಿ ತೀರಿಕೊಂಡವರ ಮುಖವನ್ನು ಹಳೆಯ ಗ್ರೂಪ್ ಫೋಟೋದಿಂದ ತೆಗೆದು ದೊಡ್ಡದು ಮಾಡಿ, ಕೈಯಲ್ಲೇ ಕೋಟು, ಟೋಪಿ, ಪದಕ ಬರೆದು ಬಣ್ಣ ಹಾಕುವುದು ಅವರ ಕಸುಬು. ಕಂಟೋನ್ಮೆಂಟಿನಲ್ಲಿ ಅಂಥ ಮನೆಗಳು ಬಹಳ ಇದ್ದವು. ಸತ್ತವನದು ಎಂದು ಒಂದೇ ಒಂದು ಚಿಕ್ಕ ಚಿತ್ರ ಇರುವ ಮನೆಗಳು.

ಅತ್ತೆ ನನ್ನನ್ನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರಿಸಿ, ತಾವು ಪರದೆಯ ಆಚೆ ಹೋದರು. ಬಹಳ ಹೊತ್ತು ಮಾತು ನಡೆಯಿತು. ತಗ್ಗಿದ ದನಿ, ನನಗೆ ಕೇಳಲಿಲ್ಲ. ಪರದೆಯ ಸಂದಿನಿಂದ ಅತ್ತೆ ಬೆನ್ನು ಬಾಗಿಸಿ ಮೇಜಿನ ಮೇಲೆ ನೋಡುತ್ತಿದ್ದದ್ದು, ಬೆರಳು ಎತ್ತಿ, ಮತ್ತೆ ಇಳಿಸಿ, ಕೊನೆಗೆ ಒಂದು ಕಡೆ ಇಟ್ಟದ್ದು ಕಂಡಿತು. ಅವರು ಹೊರಗೆ ಬರುವಾಗ ಸಾಬರು ಪರದೆ ಸರಿಸಿ ಹೇಳಿದ ಮಾತು ಮಾತ್ರ ನೆನಪಿದೆ.

"ಟೋಪಿ ಹಾಕ್ತೀನಿ, ಮೆಡಲ್ ಹಾಕ್ತೀನಿ, ಕೋಟಿಗೆ ಗುಂಡಿ ಹಾಕ್ತೀನಿ ಮಾ. ಮುಖ ಮಾತ್ರ ನಾನು ಹುಟ್ಟಿಸಕ್ಕಾಗಲ್ಲ. ಅದು ಮೇಲಿರೋನ ಕೆಲಸ. ನೀವು ಮನಸ್ಸಿಗೆ ಬೇಜಾರ್ ಮಾಡ್ಕೋಬೇಡಿ. ಶುಕ್ರವಾರ ಜುಮ್ಮಾ ನಮಾಜ್ ಆದ್ಮೇಲೆ ಬನ್ನಿ."

ಕಸುಬಿನವರು ಏನೋ ವೇದಾಂತ ಹೇಳುತ್ತಾರೆ ಎಂದುಕೊಂಡೆ. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಹಲಸೂರು ಕೆರೆ ದಾಟಿದ ಮೇಲೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು.

"ನೀನು ನಿನ್ನ ಗಂಡನ ಮುಖಾನ ಸರಿಯಾಗಿ ನೋಡ್ಕೋ ಕಣೇ. ನಾಚ್ಕೊಂಡು ಕೂರ್ಬೇಡ. ಯಾರಾದ್ರೂ ಏನಾದ್ರೂ ಅಂದ್ರೆ ಅತ್ತೆ ಹೇಳವ್ರೆ ಅನ್ನು."

ನನಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ನಕ್ಕಳು. ಆದರೆ ನಾನು ಅತ್ತೆಯ ಮಾತು ಮೀರಲಿಲ್ಲ. ಅಂದಿನಿಂದ ನಿಮ್ಮ ತಾತ ಊಟ ಮಾಡುವಾಗ, ಶೂ ಹಾಕಿಕೊಳ್ಳುವಾಗ, ರೇಡಿಯೋ ಕೇಳುವಾಗ ನಾನು ನೋಡಿದೆ. "ಏನೇ, ನನ್ನ ಮುಖದಲ್ಲಿ ಕೋತಿ ಕುಣೀತಾ ಐತಾ?" ಎಂದು ಅವರು ರೇಗಿಸಿದರೂ ಬಿಡಲಿಲ್ಲ.

ಪಟ ಬಂತು. ಆ ದಿನ ನಿಮ್ಮ ತಾತ ಊಟ ಮಾಡಲಿಲ್ಲ. ಅದರ ಮುಂದೆ ಕೂತುಬಿಟ್ಟರು. ಊರಿನ ಹಳಬರೂ ಟೋಪಿ, ಪದಕ ನೋಡಿ ಹೌದು ಎಂದರು, ಇಪ್ಪತ್ತು ವರ್ಷದ ಹಿಂದಿನ ಮುಖ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಅಗಲವಾದ ಮುಖ, ದಪ್ಪ ಮೂಗು, ನೇರವಾಗಿ ನೋಡುವ ಕಣ್ಣು. ಮರುದಿನದಿಂದ ಗಡ್ಡ ಮಾಡಿಕೊಳ್ಳುವ ಕನ್ನಡಿಯನ್ನು ಪಟದ ಪಕ್ಕಕ್ಕೇ ತೂಗುಹಾಕಿದರು. ಒಮ್ಮೆ ಕನ್ನಡಿ, ಒಮ್ಮೆ ಪಟ.

"ಅಪ್ಪನ ಮೂಗು ನನಗೆ ಬಂದಿಲ್ಲ. ಕಿವೀನೂ ಬಂದಿಲ್ಲ. ಯಾರನ್ನಮ್ಮ ಹೋಲ್ತೀನಿ ನಾನು?"

ಅತ್ತೆ ಒರಳಿನ ಮುಂದೆ ಕೂತಿದ್ದರು. "ನಿಮ್ಮಪ್ಪನ್ನೇ ಹೋಲ್ತೀಯ."

"ಎಲ್ಲಿ ಹೋಲ್ತೀನಿ, ತೋರ್ಸು ನೋಡಾಣ."

"ಹೋಲ್ತೀಯ ಅಂದ್ನಲ್ಲ. ಹೋಗು, ಸೈರನ್ ಆಗ್ತದೆ."

ಕಾರ್ಖಾನೆಯ ಸೈರನ್ ಆ ಮನೆಯಲ್ಲಿ ಎಷ್ಟೋ ಮಾತುಗಳನ್ನು ಅರ್ಧಕ್ಕೇ ನಿಲ್ಲಿಸಿದೆ.

ಪಟ ಗೋಡೆಗೆ ಬಂದ ಮೇಲೂ ಅತ್ತೆ ಬೆಳಿಗ್ಗೆ ಮೊದಲು ಟ್ರಂಕಿಗೇ ಹೋಗುತ್ತಿದ್ದರು. ಆಮೇಲೆ ಪಟಕ್ಕೆ ಹೂವು. ಮಹಾಲಯ ಅಮಾವಾಸ್ಯೆಯ ದಿನ ಪಟದ ಮುಂದೆ ಹೊಸ ಪಂಚೆ, ಕಜ್ಜಾಯ, ಬಾಡಿನ ಸಾರು, ರಾಗಿ ಹಿಟ್ಟಿನ ಮುದ್ದೆ ಎಲ್ಲ ಎಲೆಗೆ ಬಡಿಸಿ ಎಡೆ ಇಡುತ್ತಿದ್ದರು. ಅದರ ಪಕ್ಕಕ್ಕೆ ಇನ್ನೊಂದು ಎಲೆ. ಅದಕ್ಕೆ ಹಿಟ್ಟು ಮತ್ತು ಹುರುಳಿಕಾಳಿನ ಬಸ್ಸಾರು. ಹಬ್ಬದ ದಿನ ಯಾರೂ ತಿನ್ನದ ಬಸ್ಸಾರನ್ನು ಆ ಒಂದು ಎಲೆಗೆಂದೇ ಬೇರೆ ಒಲೆಯ ಮೇಲೆ ಮಾಡುತ್ತಿದ್ದರು. ಬಾಗಿಲು ಹಾಕಿ, ಹಿರಿಯರು ಉಣ್ಣಲಿ ಎಂದು ನಾವೆಲ್ಲ ಅಂಗಳದಲ್ಲಿ ಕಾಯುತ್ತಿದ್ದೆವು. ಮೊದಲ ವರ್ಷ ಅಲ್ಲಿ ಕೂತಾಗ ಧೈರ್ಯ ಮಾಡಿ ಕೇಳಿದೆ.

"ಅತ್ತೆ, ಎರಡನೇ ಎಲೆ ಯಾರಿಗೆ?"

"ಪಟಾಲಂನೋರು ಒಬ್ಬೊಬ್ರೇ ಉಣ್ಣಕ್ಕೆ ಬರಲ್ಲ ಕಣೇ. ಜೊತೇಲಿ ಇನ್ನೊಬ್ರು ಇರ್ತಾರೆ."

ಅಷ್ಟೇ. ಬಾಗಿಲು ತೆಗೆಯುವ ಮೊದಲು ಅತ್ತೆ ಕೆಮ್ಮಿ, ಒಳಗಿನವರಿಗೆ ಸೂಚನೆ ಕೊಟ್ಟು ಆಮೇಲೆ ಚಿಲಕ ಮುಟ್ಟುತ್ತಿದ್ದರು.

ಅತ್ತೆ ಹೋದರು, ಅವರಿಗೂ ಒಂದು ಎಲೆ ಬಂತು. ನಿಮ್ಮ ತಾತ ಹೋದರು, ಅವರಿಗೂ ಒಂದು. ಮೂವರಿಗೆ ನಾಲ್ಕು ಎಲೆ ಯಾಕೆ ಎಂದು ನಿಮ್ಮಮ್ಮ ಪ್ರತಿ ವರ್ಷ ಕೇಳುತ್ತಾಳೆ. ಪಾಪ, ಅವಳು ಕೇಳುವುದು ಸರಿಯೇ. ಬಸ್ಸಾರು ಮಾಡುವವಳು ಅವಳು. "ಅತ್ತೆ ಇಡ್ತಿದ್ರು ಕಣಮ್ಮ" ಎಂದು ಹೇಳಿ ಸಾಗಿಸುತ್ತಿದ್ದೆ. ನಿಮ್ಮಪ್ಪ ಪಟದ ಮುಂದೆ ಚಿಕ್ಕ ರಮ್ ಬಾಟಲಿ ಇಡುವ ಪದ್ಧತಿ ತಂದ. ಮಾವ ಕುಡಿಯುತ್ತಿದ್ದರೋ ಇಲ್ಲವೋ ಯಾರಿಗೆ ಗೊತ್ತು? "ಮಿಲಿಟರಿ ಅಂದ್ಮೇಲೆ ಇರ್ಲೇಬೇಕು" ಎಂದ.

ಈಗ ಹೋದ ತಿಂಗಳಿನ ವಿಷಯ. ಪುಟ್ಟಿ, ನಿನ್ನ ಕಾಲೇಜಿನವರು ಬೆನ್ಸನ್ ಟೌನಿನ ಹಳೆಯ ಬಂಗಲೆಯಲ್ಲಿ ಇಟ್ಟಿದ್ದ ಚಿತ್ರಗಳನ್ನು ನೋಡಲು ನನ್ನನ್ನು ಕರೆದುಕೊಂಡು ಹೋದೆ. ನಾನು ಬರುವುದಿಲ್ಲ ಎಂದೆ. "ನಿನ್ನ ಕಾಲದ್ದೇ ಅಜ್ಜಿ, ನೀನು ನನಗೆ ಎಕ್ಸ್‌ಪ್ಲೇನ್ ಮಾಡ್ಬೇಕು" ಎಂದೆ ನೀನು. ನನ್ನ ಕಾಲದ್ದಲ್ಲ, ನನಗಿಂತ ಹಿಂದಿನದು. ಆದರೂ ಬಂದದ್ದು ಒಳ್ಳೆಯದೇ ಆಯಿತು.

ಎತ್ತರದ ಗೋಡೆಗಳ ಮೇಲೆ ಬಾಗಿಲಿನಷ್ಟು ದೊಡ್ಡ ಚಿತ್ರಗಳು. ಜಟಕಾದಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತ ಬಿಳಿ ಸೋಲ್ಜರುಗಳು. ರಸೆಲ್ ಮಾರ್ಕೆಟ್ಟಿನ ಮುಂದೆ ಸೈಕಲ್ಲುಗಳ ಸಾಲು. ರೇಷನ್ನಿಗೆ ನಿಂತ ಹೆಂಗಸರು. ಬಿಚ್ಚಿಟ್ಟ ವಿಮಾನದ ಹೊಟ್ಟೆಯೊಳಗೆ ಕೂತ ನಮ್ಮ ಕಡೆಯ ಕೆಲಸಗಾರರು. ಒಂದರಲ್ಲಿ ರನ್‌ವೇ. ಮಂಕರಿ ಹೊತ್ತ ಹೆಂಗಸರ ಸಾಲು ದೂರ ಹೋಗುತ್ತಿದೆ, ಎಲ್ಲರ ಬೆನ್ನೂ ಕ್ಯಾಮೆರಾದ ಕಡೆ. ಅಲ್ಲಿ ನಾನು ತುಂಬ ಹೊತ್ತು ನಿಂತೆ. ಅತ್ತೆ ಅದರಲ್ಲಿ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಯಾವ ಬೆನ್ನು ಎಂದು ಹೇಳುವುದು?

ನೀನು ಮುಂದಿನ ಕೋಣೆಯಿಂದ ಕೂಗಿದೆ. "ಅಜ್ಜಿ, ಇಲ್ಲಿ ಬಾ! ಎರಡು ತಲೆ ನಾಯಿ!"

ಅಲ್ಲಿತ್ತು. ಅದೇ ನಾಲ್ಕು ಸಾಲು, ಅದೇ ಕುರ್ಚಿಗಳು, ಅದೇ ನಾಯಿ. ಟ್ರಂಕಿನಲ್ಲಿ ಅಂಗೈ ಅಗಲವಿದ್ದದ್ದು ಇಲ್ಲಿ ಗೋಡೆಯ ತುಂಬ ಇತ್ತು. ಹುರುಳಿಕಾಳಿನಂಥ ಮುಖಗಳು ಈಗ ನನ್ನ ಮುಖದಷ್ಟು ದೊಡ್ಡವಾಗಿದ್ದವು. ಕೆಲವರ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ನೀನು ಕೆಳಗಿನ ಇಂಗ್ಲಿಷ್ ಓದಿ ಹೇಳಿದೆ.

"ಬರ್ಮಾಗೆ ಹೋಗೋ ಮುಂಚೆ ತೆಗ್ದಿದ್ದಂತೆ. ನಡುವೆ ಕೂತಿರೋ ಸಾಹೇಬ್ರುಗಳ ಹೆಸರೆಲ್ಲ ಇದೆ. ನಾಯಿ ಹೆಸರೂ ಇದೆ ನೋಡು ಅಜ್ಜಿ! ಉಳಿದೋರು ಬರೀ 'ಜವಾನರು' ಅಂತೆ."

"ನಾಯೀಗೆ ಹೆಸರೈತಾ?"

"ಹೂಂ. ನಾಯಿಗಿದೆ."

ಆಮೇಲೆ ನೀನು ಕುಣಿದಾಡಿಬಿಟ್ಟೆ. "ನಮ್ಮ ಮಿಲಿಟರಿ ತಾತ! ಹಿಂದಿನ ಸಾಲು, ನೋಡು, ಅದೇ ಮೂಗು!" ಎಂದು ಫೋನ್ ತೆಗೆದು ಅವರ ಜೊತೆ ಸೆಲ್ಫಿ ತೆಗೆದುಕೊಂಡೆ. ಹೌದು, ಅವರೇ. ಕೋಟು ಹಸಿರಲ್ಲ, ಪದಕವಿಲ್ಲ, ಆದರೆ ಅದೇ ಅಗಲ ಮುಖ. ನಾನು ಕೈ ಮುಗಿಯಲು ಕೈ ಎತ್ತಿದೆ. ಅಷ್ಟರಲ್ಲಿ ಕಣ್ಣು ಅವರ ಪಕ್ಕದವರ ಮೇಲೆ ಹೋಯಿತು.

ಅಲ್ಲಿ ನಿಮ್ಮ ತಾತ ನಿಂತಿದ್ದರು.

ಸಾಲಿನವರೆಲ್ಲ ನೆಟ್ಟಗೆ. ಅವರೊಬ್ಬರದೇ ತಲೆ ಎಡಕ್ಕೆ ವಾಲಿತ್ತು. ಅಗಲ ಮುಖದವರು ಏನೋ ಗುಟ್ಟು ಹೇಳಿದರೆ ಕೇಳಿಸಿಕೊಳ್ಳುತ್ತೇನೆ ಎನ್ನುವ ಹಾಗೆ. ಕೆಳತುಟಿ ಸ್ವಲ್ಪ ಒಳಗೆ. ನಮ್ಮ ಮದುವೆಯಲ್ಲಿ ಅವರು ಹಾಗೇ ನಿಂತಿದ್ದರು. ನನ್ನ ಕೈ ಎತ್ತಿದ ಹಾಗೇ ಇತ್ತು. "ಅಜ್ಜಿ, ಅಳ್ತಿದ್ದೀಯಾ?" ಎಂದು ನೀನು ಕೇಳಿದೆ. ಮಿಲಿಟರಿ ತಾತನನ್ನು ನೋಡಿ ಎಂದುಕೊಂಡೆ ನೀನು. ನಾನು ನಿನ್ನನ್ನು ಮನೆಗೆ ಹೊರಡಿಸಿದೆ. ಅಲ್ಲಿ ಜನರಿದ್ದರು, ನನಗೂ ಇನ್ನೂ ಖಾತ್ರಿಯಿರಲಿಲ್ಲ.

ಮನೆಗೆ ಬಂದು ಮಂಚದ ಕೆಳಗಿನ ಟ್ರಂಕು ಎಳೆಸಿದೆ. ಅರಿಶಿನದ ಬಟ್ಟೆ ಬಿಚ್ಚಿ ಚಿಕ್ಕ ಫೋಟೋ ತೆಗೆದೆ. ಅತ್ತೆ ಹೋದ ಮೇಲೆ ನಾನು ಅದನ್ನು ಒಂದೆರಡು ಸಲ ತೆಗೆದು ನೋಡಿದ್ದುಂಟು. ಹಿಂದಿನ ಸಾಲಿನಲ್ಲಿ ಒಂದು ಕಡೆ ಬೆಳ್ಳಗೆ ಮಚ್ಚೆಯ ಹಾಗಿತ್ತು. ಹುಳ ತಿಂದಿದೆ ಎಂದು ಬೇವಿನ ಸೊಪ್ಪು ಇಟ್ಟು ಮುಚ್ಚಿದ್ದೆ. ನೀನು ನಿನ್ನ ಫೋನನ್ನು ಅದರ ಪಕ್ಕ ಹಿಡಿದೆ. ಅಗಲ ಮುಖದವರು ಎರಡರಲ್ಲೂ ಇದ್ದರು. ಅವರ ಪಕ್ಕದಲ್ಲಿ ಫೋನಿನಲ್ಲಿ ತಲೆ ವಾಲಿಸಿದವರು. ಚಿಕ್ಕದರಲ್ಲಿ ಆ ಜಾಗದಲ್ಲೇ ಬಿಳಿ ಮಚ್ಚೆ. ಕುತ್ತಿಗೆಯವರೆಗೆ ಮನುಷ್ಯ ಇದ್ದಾನೆ, ಮೇಲೆ ಮುಖವಿಲ್ಲ.

"ಅಯ್ಯೋ, ಹುಳ ಸರಿಯಾಗಿ ಇವರ ಮುಖಾನೇ ತಿಂದಿದ್ಯಲ್ಲಾ ಅಜ್ಜಿ" ಎಂದೆ ನೀನು.

ಹುಳ ತಿಂದರೆ ಅಂಚು ಹರಿದಿರುತ್ತದೆ, ತೂತು ಬಿದ್ದಿರುತ್ತದೆ. ಇದು ಹಾಗಿರಲಿಲ್ಲ. ಹಳೆಯ ಮನೆಯ ಹೊಸಿಲು ಸವೆದಿರುತ್ತದಲ್ಲ, ಹಾಗೆ ನುಣ್ಣಗೆ ಸವೆದಿತ್ತು. ಮಚ್ಚೆಯ ಸುತ್ತ ತೆಳುವಾಗಿ ಹಳದಿ. ನಾನು ನನ್ನ ಹೆಬ್ಬೆರಳನ್ನು ಅದರ ಹತ್ತಿರ ಹಿಡಿದೆ. ಸರಿಯಾಗಿ ಅಷ್ಟೇ ಅಗಲ.

ಆಗ ಎಲ್ಲ ಒಟ್ಟಿಗೆ ತಿಳಿಯಿತು. ಸ್ನಾನ ಮಾಡಿದ ಒದ್ದೆ ಕೈ. ಟ್ರಂಕಿನ ಮುಚ್ಚಳ. ಕಣ್ಣಿಗೊತ್ತಿಕೊಂಡ ಬೆರಳು. ದೇವರ ಪಟವಾದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಅತ್ತೆ ಬೆಳಗಾದರೆ ಆ ಹುರುಳಿಕಾಳಿನಷ್ಟು ಮುಖವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದಾರೆ. ಆ ಹಳದಿ ಅವರಿನ್ನೂ ಅರಿಶಿನ ಹಚ್ಚಿಕೊಳ್ಳುತ್ತಿದ್ದ ದಿನಗಳದ್ದು, ಸುದ್ದಿ ಬರುವ ಮೊದಲಿನದು. ಆಮೇಲೆಯೂ ಬಿಟ್ಟಿಲ್ಲ. ಮಗ ದೊಡ್ಡವನಾಗಿ ಅಪ್ಪನ ಪಟ ಬೇಕು ಎನ್ನುವ ಹೊತ್ತಿಗೆ ಮುಖ ಸವೆದು ಹೋಗಿತ್ತು. ಅದನ್ನು ಮಗನಿಗೆ ಹೇಗೆ ಹೇಳುತ್ತಾರೆ? ಸ್ಟುಡಿಯೋದ ಸಾಬರಿಗೆ ಹೇಳಿದ್ದಾರೆ. ಮುಖ ಹುಟ್ಟಿಸಲು ಅವರಿಗೂ ಆಗಲಿಲ್ಲ. ಕೊನೆಗೆ ಪಕ್ಕದಲ್ಲಿ ನಿಂತಿದ್ದವರ ಮೇಲೆ ಬೆರಳಿಟ್ಟು ಬಂದಿದ್ದಾರೆ. ಮಗನಿಗೆ ನೋಡಲು ಒಂದು ಮುಖ ಸಿಕ್ಕಿತು. ಅತ್ತೆಗೆ ಟ್ರಂಕಿನೊಳಗಿನ ಬಿಳಿ ಮಚ್ಚೆ ಉಳಿಯಿತು. ಹುರುಳಿ ಒಕ್ಕಿ ಹೋದವರಿಗೆ ಹುರುಳಿಕಾಳಿನ ಬಸ್ಸಾರಿನ ಎಲೆ.

ನಾನು ನಿನಗೆ ಅರ್ಧಂಬರ್ಧ ಹೇಳಿದೆ, ನೀನು ಮನೆಗೆಲ್ಲ ಹೇಳಿದೆ. ನಿಮ್ಮಪ್ಪನ ಮುಖ ಸಣ್ಣಗಾಯಿತು. "ಹಂಗಾದ್ರೆ ಇಷ್ಟು ವರ್ಷ ನಾವು ಯಾರಿಗೋ ಅಡ್ಡ ಬಿದ್ದಿದ್ದಾ? ಅಪ್ಪ ಸಾಯೋವರ್ಗೂ ಯಾರನ್ನೋ ಅಪ್ಪ ಅನ್ಕೊಂಡಿದ್ರಾ?" ಎಂದ. ಚಿನ್ನು, ನೀನು ಸುಮ್ಮನಿರಬೇಕೋ ಬೇಡವೋ! "ಗುರು, ಐವತ್ತು ವರ್ಷ ಫ್ರೀ ಊಟ! ರಮ್ ಬೇರೆ!" ಎಂದುಬಿಟ್ಟೆ. ನಿಮ್ಮಮ್ಮ ತಲೆಗೆ ಮೊಟಕಿದಳು. ನನಗೂ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡೆ. ಅತ್ತೆ ಇದ್ದಿದ್ದರೆ ಅವರೂ ನಗುತ್ತಿದ್ದರು.

ಆಮೇಲೆ ನಿಮ್ಮಪ್ಪ ಪುಟ್ಟಿಯ ಫೋನಿನ ಚಿತ್ರದಿಂದ ತಲೆ ವಾಲಿಸಿದವರ ಹೊಸ ಪಟ ಮಾಡಿಸಿ ತಂದ. ಹಳೆಯದನ್ನು ತೆಗೆದು ಇದನ್ನು ಹಾಕೋಣ ಎನ್ನುತ್ತಾನೆ. ಅವನ ಲೆಕ್ಕ ತಪ್ಪಲ್ಲ. ನಿಜವಾದ ಅಪ್ಪನಿಗೆ ನಿಜವಾದ ಜಾಗ. ಆದರೆ ನನ್ನ ಮನಸ್ಸು ಬೇರೆ ಹೇಳುತ್ತದೆ. ಎದುರು ನಿಂತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ.

ಆ ಅಗಲ ಮುಖದವರನ್ನು ಇಳಿಸಬೇಡಿ. ಅವರು ಯಾರ ಮನೆಯವರೋ ಗೊತ್ತಿಲ್ಲ. ತಿರುಗಿ ಬಂದರೋ ಇಲ್ಲವೋ ಗೊತ್ತಿಲ್ಲ. ಅವರ ಮನೆಯ ಗೋಡೆಯ ಮೇಲೆ ಅವರ ಪಟ ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ.  ಅಪ್ಪನಿಲ್ಲದ ಒಬ್ಬ ಮಗನಿಗೆ ಅವರು ಮುಖ ಸಾಲ ಕೊಟ್ಟರು. ನಿಮ್ಮ ತಾತ ಮನೆ ಕಟ್ಟಿದಾಗ ಅವರಿಗೆ ಹೇಳಿ ಕಟ್ಟಿದರು. ನಿಮ್ಮಪ್ಪ ಹುಟ್ಟಿದಾಗ ಎತ್ತಿಕೊಂಡು ಹೋಗಿ ಅವರಿಗೆ ತೋರಿಸಿದರು. ಆ ಕಣ್ಣುಗಳ ಕೆಳಗೆ ಸುಳ್ಳು ಹೇಳಲು ನಿಮ್ಮ ತಾತನಿಗೆ ಹೆದರಿಕೆಯಾಗುತ್ತಿತ್ತು. ಇಷ್ಟು ವರ್ಷ ಅಪ್ಪನ ಕೆಲಸ ಮಾಡಿದವರನ್ನು ಅಟ್ಟಕ್ಕೆ ಹಾಕುವುದು ಸರಿಯಲ್ಲ.

ಹೊಸ ಪಟವನ್ನು ಅವರ ಪಕ್ಕಕ್ಕೇ ಹಾಕಿ. ಆ ಫೋಟೋದಲ್ಲಿ ನಿಂತಿದ್ದ ಹಾಗೇ, ಯಾರು ಯಾವ ಕಡೆ ಇದ್ದರೋ ಅದೇ ಕಡೆ. ನಾನು ಅದನ್ನಿನ್ನೂ ಬಿಚ್ಚಿ ನೋಡಿಲ್ಲ, ಅಂಗಡಿಯವರು ತಲೆ ನೆಟ್ಟಗೆ ಮಾಡಿದ್ದರೆ ವಾಪಸ್ ಕೊಟ್ಟು ಸೊಟ್ಟಗೆ ಮಾಡಿಸಿಕೊಂಡು ಬನ್ನಿ. ನಿಮ್ಮ ತಾತ ಕನ್ನಡಿಯಲ್ಲಿ ಹುಡುಕಿ ಸಿಗದೆ ಹೋದದ್ದು ಅದೇ. ಅವರಿಗೆ ಸಿಗಲಿಲ್ಲ, ಚಿನ್ನು, ನಿನಗಾದರೂ ಕಣ್ಣೆದುರು ಇರಲಿ.

ಎಲೆ ನಾಲ್ಕೇ ಇರಲಿ. ಈಗ ನಾಲ್ಕು ಜನರಿದ್ದಾರೆ, ನಿಮ್ಮಮ್ಮನ ಪ್ರಶ್ನೆಗೂ ಉತ್ತರ ಸಿಕ್ಕಿತು. ಹುರುಳಿಕಾಳಿನ ಬಸ್ಸಾರು ಹೊಸ ಪಟದ ಮುಂದೆ. ರಮ್ಮು ಯಾರ ಎಲೆಗೆ ಎಂದು ನಿಮ್ಮಪ್ಪ ಕೇಳುತ್ತಾನೆ. ಇಬ್ಬರ ನಡುವೆ ಇಡಲಿ, ಅವರವರೇ ಹಂಚಿಕೊಳ್ಳುತ್ತಾರೆ. ಬಾಗಿಲು ತೆಗೆಯುವ ಮೊದಲು ಕೆಮ್ಮುವುದನ್ನು ಮರೆಯಬೇಡಿ.

ನಾನು ಹೋದ ಮೇಲೆ ಈ ಇಬ್ಬರು ಸಿಪಾಯಿಗಳಲ್ಲಿ ನಮ್ಮವರು ಯಾರು, ನಮಗಾಗಿ ಬಂದವರು ಯಾರು ಎಂದು ಹೇಳುವವರು ಇರುವುದಿಲ್ಲ. ಪಟದ ಕೆಳಗೆ ಹೆಸರು ಬರೆದಿಲ್ಲ, ಅವರ ಪೈಕಿ ಒಬ್ಬರ ಹೆಸರು ನಮಗೆ ಗೊತ್ತೇ ಇಲ್ಲ. ಅದಕ್ಕೇ ಈ ಹಾಳೆಗಳನ್ನು ಜೋಪಾನ ಮಾಡಿ. ಅತ್ತೆಯ ಟ್ರಂಕಿನಲ್ಲಿ, ಅದೇ ಅರಿಶಿನದ ಬಟ್ಟೆಯೊಳಗೆ, ಚಿಕ್ಕ ಫೋಟೋದ ಜೊತೆ ಇಡಿ. ವರ್ಷಕ್ಕೊಮ್ಮೆ ಬೇವಿನ ಸೊಪ್ಪು ಬದಲಾಯಿಸಿ. ಫೋಟೋವನ್ನು ಅಂಚಿನಲ್ಲಿ ಹಿಡಿದು ನೋಡಿ, ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಡಿ. ಉಳಿದ ಮುಖಗಳಾದರೂ ಉಳಿಯಲಿ. ಹಾಳೆಗಳನ್ನು ಬೇಕಾದರೆ ಎಷ್ಟು ಸಲವಾದರೂ ಮುಟ್ಟಿ. ಅಕ್ಷರ ಸವೆದರೆ ನಿಮ್ಮಲ್ಲಿ ಒಬ್ಬರು ಮತ್ತೆ ಬರೆದಿಡಿ.